ಹೇಳಿಕೊಟ್ಟು ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಮನೆಯ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳು ಸೇರುತ್ತಾರೆ. ಐದನೇ ಕ್ಲಾಸಿನವರಿಂದ ಹಿಡಿದು ಎಸ್ಸೆಸ್ಸೆಲ್ಸಿಯವರವರೆಗೆ ಹದಿನೈದಿಪ್ಪತ್ತು ಮಂದಿ. ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಫೀಸು ಇಲ್ಲ. ಒಂದೇ ಒಂದು ಕಟ್ಟಳೆ ಇದೆ: ಕಲಿತವರು ತಮಗಿಂತ ಚಿಕ್ಕವರಿಗೆ ಹೇಳಿಕೊಡಬೇಕು. ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ. ಮಕ್ಕಳ ಅಪ್ಪ ಅಮ್ಮಂದಿರು, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು, ಪಿಯುಸಿ ಓದುವವರು ಇದರ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಗೊತ್ತಿರುವುದನ್ನೇ ತಾನೆ ಇನ್ನೊಬ್ಬರಿಗೆ ಹೇಳುವುದು? ಅದರಿಂದ ಹೇಳುವವರು ಕಲಿಯುವುದಾದರೂ ಏನನ್ನು?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಮೊದಲ ವರ್ಷದ ಮಾತು. ಭಿನ್ನರಾಶಿಗಳ ಭಾಗಾಕಾರ ನಡೆದಿತ್ತು. ಮೂರನ್ನು ಮುಕ್ಕಾಲರಿಂದ ಭಾಗಿಸಬೇಕು. "ಎರಡನೇದನ್ನ ತಲೆಕೆಳಗು ಮಾಡಿ ಗುಣಿಸಿ" ಅಂದೆ. ಎಲ್ಲರೂ ಬರೆದುಕೊಂಡರು. ಆರನೇ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಪೆನ್ಸಿಲ್ ಕೆಳಗಿಟ್ಟು, "ಯಾಕಕ್ಕಾ ತಲೆಕೆಳಗು ಮಾಡ್ಬೇಕು?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಮುಗಿಸಿದ್ದೆ, ಆ ಲೆಕ್ಕವನ್ನು ಸಾವಿರಾರು ಸಲ ಮಾಡಿದ್ದೆ. "ಅದು ರೂಲ್ಸು ಕಣೇ" ಎಂಬ ಮಾತು ನಾಲಿಗೆ ತುದಿಗೆ ಬಂದದ್ದನ್ನು ತಡೆದು, "ಮುಂದಿನ ವಾರ ಹೇಳ್ತೀನಿ" ಅಂದೆ. ವಾರವಿಡೀ ಅದೇ ತಲೆಯಲ್ಲಿ. ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವಾಗ ದಾರಿ ಸಿಕ್ಕಿತು. ಮೂರು ಲೀಟರ್ ಹಾಲು ಬೇಕು, ಅರ್ಧ ಲೀಟರಿನ ಪ್ಯಾಕೆಟ್ ಎಷ್ಟು? ಒಂದು ಲೀಟರಿಗೆ ಎರಡು, ಮೂರಕ್ಕೆ ಆರು. ಕಾಲು ಲೀಟರಿನದಾದರೆ ಲೀಟರಿಗೆ ನಾಲ್ಕು, ಒಟ್ಟು ಹನ್ನೆರಡು. ಮುಕ್ಕಾಲು ಲೀಟರಿನ ಅಳತೆಯಾದರೆ? ಒಂದು ಲೀಟರಿಗೆ ಅಂಥದ್ದು ಒಂದು ಪೂರ್ತಿ, ಮೇಲೆ ಇನ್ನೊಂದರ ಮೂರನೇ ಒಂದು ಭಾಗ. ಅಂದರೆ ಮೂರನೇ ನಾಲ್ಕು, 4/3. ಅದೇ ತಲೆಕೆಳಗಾದ ಮುಕ್ಕಾಲು! ಮೂರು ಲೀಟರಿಗೆ ಅದರ ಮೂರು ಪಟ್ಟು, ಅಂದರೆ ನಾಲ್ಕು.

ಮುಂದಿನ ಭಾನುವಾರ 750 ಮಿಲಿಯ ನಾಲ್ಕು ನೀರಿನ ಬಾಟಲಿ ತಂದು ಬಕೆಟ್ಟಿಗೆ ಸುರಿದೆವು. ಮೂರು ಲೀಟರಿನ ಗೆರೆಗೆ ಸರಿಯಾಗಿ ನೀರು ನಿಂತಿತು. "ಹಂಗಾದ್ರೆ ತಿರುಗಿಸಿದ ನಂಬರ್ ಅಂದ್ರೆ ಒಂದು ಲೀಟರಿಗೆ ಎಷ್ಟು ಬಾಟ್ಲಿ ಅಂತ" ಎಂದು ಆ ಹುಡುಗಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದಳು.

ಲೆಕ್ಕ ಮಾಡುವುದು ನನಗೆ ಬರುತ್ತಿತ್ತು. ಆದರೆ ಅದು ಹಾಗೇಕೆ ಎಂದು ಗೊತ್ತಿರಲಿಲ್ಲ, ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ನಾನು ಬರೆದ ಯಾವ ಪರೀಕ್ಷೆಯೂ ಅದನ್ನು ಕೇಳಿರಲಿಲ್ಲ. ಎದುರಿಗೆ ಕೂತ ಮಗು ಕೇಳಿತು.

ಓದುವಾಗ ಎಲ್ಲ ಅರ್ಥವಾದಂತಿರುತ್ತದೆ, ಹೇಳಲು ಹೋದರೆ ಬಾಯಿ ಕಟ್ಟುತ್ತದೆ. ನನ್ನಲ್ಲೇ ದೋಷವೇ?

ಅಲ್ಲ, ಎಲ್ಲರಿಗೂ ಹೀಗೇ. ಈಗಲೇ ಒಂದು ಹಾಳೆ ತೆಗೆದುಕೊಂಡು ಸೈಕಲ್ ಬಿಡಿಸಿ. ನೋಡದೆ ಬಿಡಿಸಬೇಕು. ಪೆಡಲ್ ಎಲ್ಲಿ, ಚೈನು ಯಾವುದರಿಂದ ಯಾವುದಕ್ಕೆ, ಚೌಕಟ್ಟಿನ ಕೊಳವೆಗಳು ಎಲ್ಲೆಲ್ಲಿ ಸೇರುತ್ತವೆ? ಇಂಗ್ಲೆಂಡಿನ ಲಿವರ್‌ಪೂಲಿನ ಮನೋವಿಜ್ಞಾನಿ ರೆಬೆಕ್ಕಾ ಲಾಸನ್ ಇದನ್ನೇ ಜನರಿಂದ ಮಾಡಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಾ ಕಾಣುವ ಸೈಕಲ್ಲಿಗೆ ಎಷ್ಟೋ ಜನ ಎರಡೂ ಚಕ್ರಕ್ಕೆ ಚೈನು ಸುತ್ತಿದ್ದರು. ಹಾಗೆ ಸುತ್ತಿದರೆ ಹ್ಯಾಂಡಲ್ ತಿರುಗುವುದೇ ಇಲ್ಲ. ನಮ್ಮ ಜಗುಲಿಯಲ್ಲೂ ವರ್ಷಕ್ಕೊಮ್ಮೆ ಇದನ್ನು ಮಾಡಿಸುತ್ತೇನೆ. ಆಮೇಲೆ ಮಕ್ಕಳೆಲ್ಲ ಗೇಟಿನ ಹತ್ತಿರ ನಿಲ್ಲಿಸಿದ ಸೈಕಲ್ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುವ ನೋಟ ಬೇರೆಯೇ ಆಗಿರುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೈಲ್ 2002ರಲ್ಲಿ ತೋರಿಸಿದ್ದೂ ಇದನ್ನೇ. ಜಿಪ್ಪು, ಹೊಲಿಗೆ ಯಂತ್ರದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂದು ನಿಮಗೆಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಎಂದು ಮೊದಲು ಕೇಳಿದರು. ಆಮೇಲೆ ಹಂತ ಹಂತವಾಗಿ ವಿವರಿಸಿ ಬರೆಯಿರಿ ಅಂದರು. ಬರೆದ ಮೇಲೆ ಅದೇ ಜನ ತಮಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡರು. ಕಣ್ಣಿಗೆ ಪರಿಚಯವಾದದ್ದನ್ನು ನಾವು ತಿಳಿದದ್ದು ಎಂದುಕೊಂಡುಬಿಡುತ್ತೇವೆ. ಪುಸ್ತಕ ಎರಡನೇ ಸಲ ಓದುವಾಗ ಸಾಲುಗಳು ಸಲೀಸಾಗಿ ಹೋಗುವುದೂ ಅದೇ ಪರಿಚಯದಿಂದ.

ಇದಕ್ಕೆ ಸರಿಯಾದ ಸಂಶೋಧನೆಯ ಆಧಾರ ಇದೆಯೇ?

ಇದೆ. ನನ್ನ ಕೆಲಸಕ್ಕೆ ನೇರವಾಗಿ ಉಪಯೋಗವಾದ ಮೂರನ್ನು ಮಾತ್ರ ಹೇಳುತ್ತೇನೆ.

ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ಗುಂಪಿಗೆ ಒಂದೇ ಪಾಠ ಓದಲು ಕೊಟ್ಟರು. ಒಂದಕ್ಕೆ "ಆಮೇಲೆ ಪರೀಕ್ಷೆ ಇದೆ" ಅಂದರು, ಇನ್ನೊಂದಕ್ಕೆ "ಇದನ್ನು ಬೇರೊಬ್ಬರಿಗೆ ಕಲಿಸಬೇಕು" ಅಂದರು. ಕೊನೆಗೆ ಯಾರಿಂದಲೂ ಕಲಿಸಲಿಲ್ಲ, ಎಲ್ಲರಿಗೂ ಪರೀಕ್ಷೆಯನ್ನೇ ಇಟ್ಟರು. ಕಲಿಸಬೇಕು ಎಂದುಕೊಂಡು ಓದಿದವರಿಗೆ ಹೆಚ್ಚು ನೆನಪಿತ್ತು, ನೆನಪಿದ್ದದ್ದೂ ಹೆಚ್ಚು ಜೋಡಣೆಯಾಗಿತ್ತು. ಹೇಳಬೇಕು ಅಂದಾಗ ಮೊದಲು ಯಾವುದು, ಆಮೇಲೆ ಯಾವುದು, ಮುಖ್ಯ ಯಾವುದು ಎಂದು ಮನಸ್ಸು ತಾನಾಗಿ ಅಡಕಿಕೊಳ್ಳುತ್ತದೆ.

ಅದಕ್ಕೂ ಹಿಂದಿನ ವರ್ಷ, 2013ರಲ್ಲಿ, ಕ್ಯಾಲಿಫೋರ್ನಿಯಾದ ಫಿಯೊರೆಲ್ಲಾ ಮತ್ತು ಮೇಯರ್ ಇನ್ನೊಂದು ಸಂಗತಿ ಕಂಡರು. ಕಲಿಸಲು ತಯಾರಾಗಿ ಸುಮ್ಮನಾದವರಿಗೆ ಸಿಕ್ಕ ಲಾಭ ವಾರದ ಹೊತ್ತಿಗೆ ಕರಗಿತ್ತು. ನಿಜವಾಗಿ ವಿವರಿಸಿದವರಿಗೆ ವಾರದ ಮೇಲೂ ಉಳಿಯಿತು.

ಮೂರನೆಯದು ಸಿಂಗಪುರದ್ದು, 2018ರದು. ಬರೆದಿಟ್ಟದ್ದನ್ನು ನೋಡಿ ಓದುತ್ತಾ ಪಾಠ ಮಾಡಿದವರಿಗೆ ಹೇಳಿಕೊಳ್ಳುವ ಲಾಭ ಆಗಲಿಲ್ಲ. ನೋಡದೆ ಹೇಳಿದವರಿಗೆ ಆಯಿತು. ಯಾರಿಗೂ ಹೇಳದೆ, ಓದಿದ್ದನ್ನು ನೆನಪಿನಿಂದ ಹೊರತೆಗೆಯುವ ಅಭ್ಯಾಸ ಮಾಡಿದವರಿಗೂ ಅಷ್ಟೇ ಲಾಭವಾಯಿತು. ಅಂದರೆ ಬಲದ ದೊಡ್ಡ ಪಾಲು ನೆನಪಿನ ಬಾವಿಯಿಂದ ಸೇದುವುದರಲ್ಲಿದೆ. ಆವತ್ತಿನಿಂದ ನಮ್ಮಲ್ಲಿ ಪಾಠ ಹೇಳುವವರು ಪುಸ್ತಕ ಮುಚ್ಚಿ, ಹಿಂದೆ ಗೂಡಿನಲ್ಲಿಟ್ಟು ಬರುತ್ತಾರೆ.

"ಕೇಳಿದ್ದು ಶೇ. 5, ಓದಿದ್ದು ಶೇ. 10, ಕಲಿಸಿದ್ದು ಶೇ. 90 ನೆನಪಿರುತ್ತದೆ" ಎಂಬ ಪಿರಮಿಡ್ ಚಿತ್ರ ವಾಟ್ಸಾಪಿನಲ್ಲಿ ಬಂತು. ಸರಿಯೇ?

ಆ ಅಂಕಿಗಳನ್ನು ನಂಬಬೇಡಿ. ಎಡ್ಗರ್ ಡೇಲ್ ಎಂಬ ಅಮೆರಿಕದ ಶಿಕ್ಷಣತಜ್ಞರು 1946ರಲ್ಲಿ ಕಲಿಕೆಯ ಅನುಭವಗಳನ್ನು ಶಂಕುವಿನ ಆಕಾರದಲ್ಲಿ ಬರೆದು ತೋರಿಸಿದ್ದರು. ಅದರಲ್ಲಿ ಒಂದೂ ಶೇಕಡಾ ಅಂಕಿ ಇರಲಿಲ್ಲ. ಅವರ ಹೆಸರಿನ ಜೊತೆ ಅಂಕಿಗಳನ್ನು ಅಂಟಿಸಿದ್ದು ಬೇರೆಯವರು. ಐದು, ಹತ್ತು, ತೊಂಬತ್ತು ಎಂದು ಅಷ್ಟು ಸರಿಸಮವಾಗಿ ಯಾರ ನೆನಪೂ ಕೆಲಸ ಮಾಡುವುದಿಲ್ಲ. ಒಳ್ಳೆಯ ವಿಷಯಕ್ಕೆ ಸುಳ್ಳು ಸಾಕ್ಷಿ ಬೇಡ.

ಇದು ವಿದೇಶದಿಂದ ಬಂದ ಹೊಸ ವಿಧಾನವೇ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುವ ಆಸೆ ನನಗೆ, ಯಾಕೆಂದರೆ ಇದರ ಒಂದು ಹಳೆಯ ದಾಖಲೆ ನಮ್ಮ ಬಳ್ಳಾರಿಯದು.

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿ ಜಿಲ್ಲೆಯ ಕಲೆಕ್ಟರರಿಂದ ಊರ ಶಾಲೆಗಳ ವರದಿ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಆಗಿನ ಆ ದೊಡ್ಡ ಜಿಲ್ಲೆಯಲ್ಲಿ 533 ಶಾಲೆ, ಅದರಲ್ಲಿ 235 ಕನ್ನಡದವು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದೆ ಬಟ್ಟೆಗೆ ಕಪ್ಪು ಸರಿ ಬಳಿದು ಗಟ್ಟಿ ಮಾಡಿದ ಕಡತದ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಇವತ್ತು ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುತ್ತೇವಲ್ಲ, ಅದೇ ಪದ. ಇಷ್ಟು ಕಡಿಮೆ ಖರ್ಚಿನಲ್ಲಿ ಬರವಣಿಗೆ ಕಲಿಸುವುದನ್ನೂ, ಮುಂದಿರುವ ಮಕ್ಕಳು ಹಿಂದಿರುವವರಿಗೆ ಕಲಿಸುತ್ತಾ ತಮ್ಮ ತಿಳಿವಳಿಕೆಯನ್ನೂ ಗಟ್ಟಿ ಮಾಡಿಕೊಳ್ಳುವುದನ್ನೂ ಕ್ಯಾಂಪ್‌ಬೆಲ್ ಬಾಯಿತುಂಬ ಹೊಗಳಿದ್ದಾನೆ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಸೇರಿಸಿದ್ದಾನೆ.

ಅನುಕರಿಸಿದ್ದು ನಿಜ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಊರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ತಂದ, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರ ಅಚ್ಚು ಮಾಡಿಸಿದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಎಂಬ ಹೆಸರೇ ಬಿತ್ತು.

ಅದೇ ಪತ್ರದಲ್ಲಿ ಕ್ಯಾಂಪ್‌ಬೆಲ್ ಒಂದು ಕಟು ಮಾತನ್ನೂ ಬರೆದಿದ್ದಾನೆ. ಮಕ್ಕಳು ರಾಶಿ ರಾಶಿ ಪದ್ಯ ಒಪ್ಪಿಸುತ್ತಾರೆ, ಆದರೆ ಅರ್ಥ ಮಾತ್ರ ಮಾತು ಕಲಿತ ಗಿಳಿಗೆ ಎಷ್ಟು ಗೊತ್ತೋ ಅಷ್ಟೇ ಎಂದು. ನಾವು ಗಿಳಿಪಾಠ ಅನ್ನುವುದು ಇದನ್ನೇ. ನನಗೆ ಈ ಎರಡು ಮಾತನ್ನೂ ಒಟ್ಟಿಗೆ ಇಟ್ಟು ನೋಡುವುದು ಮುಖ್ಯ. ಹಿಂದಿನವರಿಗೆ ಅಕ್ಷರ ತಿದ್ದಿಸುವಾಗ ಮುಂದಿನವರ ಅಕ್ಷರ ಗಟ್ಟಿಯಾಯಿತು. ಪದ್ಯದ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳದಿದ್ದಾಗ ಅರ್ಥ ಇಬ್ಬರಿಗೂ ದಕ್ಕಲಿಲ್ಲ. ಬಾಯಿಂದ ಬಾಯಿಗೆ ದಾಟಿಸುವುದು ಬೇರೆ, ವಿವರಿಸುವುದು ಬೇರೆ.

ನನಗೇ ಪೂರ್ತಿ ಬಾರದ ವಿಷಯ ಹೇಳಿಕೊಡಬಹುದೇ? ತಪ್ಪು ಹೇಳಿಬಿಟ್ಟರೆ?

ಹೇಳಿಕೊಡಬಹುದು, ಆದರೆ ತಿದ್ದುವ ದಾರಿ ಇರಬೇಕು. ಒಂದು ಭಾನುವಾರ ಒಂಬತ್ತನೇ ಕ್ಲಾಸಿನ ಹುಡುಗ ಚಿಕ್ಕವರಿಗೆ, "ಭೂಮಿ ಸೂರ್ಯನ ಹತ್ರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ" ಎಂದು ಗಟ್ಟಿಯಾಗಿ ಹೇಳುತ್ತಿದ್ದ. ನಾನು ಅಡ್ಡ ಬಾಯಿ ಹಾಕಲಿಲ್ಲ. "ಯಾವ ತಿಂಗಳಲ್ಲಿ ಎಷ್ಟು ದೂರ ಅಂತ ನೋಡ್ಕೊಂಡು ಬಾ" ಅಂದೆ. ಮುಂದಿನ ವಾರ ಮುಖ ಚಿಕ್ಕದು ಮಾಡಿಕೊಂಡು ಬಂದ. ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ತೀರ ದೂರ ಜುಲೈ ಮೊದಲ ವಾರದಲ್ಲಿ, 15.2 ಕೋಟಿ. ಅವನ ಮಾತಿನ ಪ್ರಕಾರ ಸಂಕ್ರಾಂತಿಗೆ ಬೇಸಿಗೆ ಆಗಬೇಕಿತ್ತು!

ಅವನೇ ಕಿತ್ತಳೆ ಹಣ್ಣಿಗೆ ಕಡ್ಡಿ ಚುಚ್ಚಿ, ಓರೆಯಾಗಿ ಹಿಡಿದು, ಟಾರ್ಚಿನ ಸುತ್ತ ತಿರುಗಿಸಿ, ಭೂಮಿ 23.5 ಡಿಗ್ರಿ ವಾಲಿರುವುದೇ ಕಾರಣ ಎಂದು ಹೇಳಿದ. ಮೊದಲು, "ಹೋದ ವಾರ ನಾನು ಹೇಳಿದ್ದು ತಪ್ಪು" ಅಂದ. ಅಷ್ಟರಲ್ಲಿ ಏಳನೇ ಕ್ಲಾಸಿನವಳೊಬ್ಬಳು ಕೇಳಿದಳು: "ಹಂಗಾದ್ರೆ ಜೂನ್ 21ಕ್ಕೆ ತಾನೆ ಸೂರ್ಯ ಪೂರ್ತಿ ಉತ್ತರಕ್ಕೆ ಬರೋದು? ನಮ್ಗೆ ಸೆಖೆ ಏಪ್ರಿಲಲ್ಲೇ ಯಾಕೆ?"

ಆ ಪ್ರಶ್ನೆ ನಮ್ಮೆಲ್ಲರನ್ನೂ ಒಂದು ತಿಂಗಳು ಹಿಡಿದಿಟ್ಟಿತು. ಜೂನ್ 21ರಂದು ಸೂರ್ಯ ನೆತ್ತಿಯ ಮೇಲೆ ಬರುವುದು ಕರ್ಕಾಟಕ ಸಂಕ್ರಾಂತಿ ವೃತ್ತದಲ್ಲಿ. ಕರ್ನಾಟಕ ಅದಕ್ಕಿಂತ ದಕ್ಷಿಣಕ್ಕಿದೆ. ಉತ್ತರಕ್ಕೆ ಹೋಗುವ ದಾರಿಯಲ್ಲಿ ಸೂರ್ಯ ಬೆಂಗಳೂರಿನ ನೆತ್ತಿ ದಾಟುವುದು ಏಪ್ರಿಲ್ 24ರ ಸುಮಾರಿಗೆ, ಬೀದರಿನದು ಮೇ ಎರಡನೇ ವಾರದಲ್ಲಿ. ಆಕಾಶದಲ್ಲಿ ಮೋಡವೂ ಕಡಿಮೆ. ಜೂನಿಗೆ ಮುಂಗಾರಿನ ಮೋಡ, ಮಳೆ ಬಂದು ಬಿಸಿಲನ್ನು ಮುಚ್ಚುತ್ತದೆ. ವಾಪಸು ಬರುವಾಗ ಆಗಸ್ಟ್‌ನಲ್ಲಿ ಇನ್ನೊಮ್ಮೆ ನೆತ್ತಿಯ ಮೇಲೆ ಬಂದರೂ ಮಳೆಗಾಲದಲ್ಲಿ ನಮಗದು ಗೊತ್ತಾಗುವುದಿಲ್ಲ. ಏಪ್ರಿಲ್ ಕೊನೆಯ ವಾರ ಮಕ್ಕಳು ಅಂಗಳದಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ ಕಾದರು. ಮಧ್ಯಾಹ್ನ ಹನ್ನೆರಡೂ ಇಪ್ಪತ್ತೈದರ ಹೊತ್ತಿಗೆ ಅದರ ನೆರಳು ಅದರ ಕೆಳಗೇ ಅಡಗಿತು. ತಪ್ಪು ಹೇಳಿದ್ದ ಹುಡುಗನೇ ಎಲ್ಲರಿಗಿಂತ ಮೊದಲು ಕೂಗಿದ.

ಒಂದು ಎಚ್ಚರಿಕೆ: ಔಷಧಿ, ಮನೆಯ ವೈರಿಂಗ್, ಕೀಟನಾಶಕ ಬೆರೆಸುವುದು ಇಂಥ ವಿಷಯಗಳಲ್ಲಿ ಅರೆಬರೆ ತಿಳಿದದ್ದನ್ನು ಹೇಳಿಕೊಡಬಾರದು. ಅಲ್ಲಿ ಮುಂದಿನ ವಾರ ತಿದ್ದಿಕೊಳ್ಳಲು ಅವಕಾಶ ಸಿಗದೇ ಹೋಗಬಹುದು.

ಯಾರಿಗೆ ಹೇಳಬೇಕು? ವಿಷಯ ಗೊತ್ತಿರುವ ಗೆಳೆಯರಿಗೋ, ಗೊತ್ತಿಲ್ಲದವರಿಗೋ?

ಪ್ರಶ್ನೆ ಕೇಳಲು ಹಿಂಜರಿಯದವರಿಗೆ. ಗೊತ್ತಿರುವ ಗೆಳೆಯರು ನಾವು ಬಿಟ್ಟದ್ದನ್ನು ತಾವೇ ತುಂಬಿಕೊಂಡು ತಲೆಯಾಡಿಸುತ್ತಾರೆ. ನನಗೆ ಸಿಕ್ಕ ಅತ್ಯುತ್ತಮ ಕೇಳುಗರು ನಮ್ಮ ದೊಡ್ಡಮ್ಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕುಕ್ಕರಿನಲ್ಲಿ ಒತ್ತಡ ಹೆಚ್ಚಾಗುವುದರಿಂದ ಬೇಳೆ ಬೇಗ ಬೇಯುತ್ತದೆ ಎಂದು ಒಮ್ಮೆ ಹೇಳಿದೆ. "ಒತ್ತಿದ್ರೆ ಬೇಯುತ್ತೇನೇ? ಹಂಗಾದ್ರೆ ಪಾತ್ರೆಗೇ ಉರಿ ಜೋರು ಮಾಡಿದ್ರೆ ಆಗಲ್ವಾ?" ಎಂದರು. ಅಲ್ಲಿಗೆ ನನ್ನ ವಾಕ್ಯ ಎಷ್ಟು ಟೊಳ್ಳು ಎಂದು ಗೊತ್ತಾಯಿತು. ತೆರೆದ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಬಿಸಿ ಸುಮಾರು ನೂರು ಡಿಗ್ರಿ ದಾಟುವುದಿಲ್ಲ, ನೀರು ಬೇಗ ಆವಿಯಾಗಿ ಹೋಗುತ್ತದೆ ಅಷ್ಟೆ. ಕುಕ್ಕರಿನಲ್ಲಿ ಆವಿಯನ್ನು ಹೊರಗೆ ಬಿಡದೆ ಒತ್ತಡ ಏರಿಸಿದಾಗ ನೀರು ಕುದಿಯುವ ಹಂತವೇ ಸುಮಾರು 120 ಡಿಗ್ರಿಗೆ ಏರುತ್ತದೆ. ಬೇಯಿಸುವುದು ಆ ಹೆಚ್ಚಿನ ಬಿಸಿ. "ಹಂಗೆ ಹೇಳು ಮತ್ತೆ" ಅಂದರು ದೊಡ್ಡಮ್ಮ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡುವುದು ಯಾಕೆ ಎಂದು ಅವರೇ ನನಗೆ ಹೇಳಿದರು.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಸ್ಥಳದಲ್ಲೇ ಮಾತು ಕಟ್ಟಬೇಕು. ಎದುರು ಕೂತ ಇನ್ನೊಬ್ಬ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾರೋ ಗೊತ್ತಿಲ್ಲ. ಪ್ರಸಂಗ ಬಾಯಿಪಾಠ ಬಂದರೆ ಸಾಲದು, ಪಾತ್ರ ಹಾಗೇಕೆ ನಡೆದುಕೊಂಡಿತು ಎಂಬುದು ಒಳಗೆ ಇಳಿದಿರಬೇಕು.

ಕೇಳುವವರು ಯಾರೂ ಸಿಗದಿದ್ದರೆ?

ಮೊಬೈಲಿನಲ್ಲಿ ನಿಮ್ಮ ಮಾತನ್ನೇ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಎಲ್ಲಿ "ಅಂದ್ರೆ… ಅದು… ಒಂಥರಾ…" ಎಂದು ಬರುತ್ತದೋ ಅಲ್ಲಿ ಗುರುತು ಹಾಕಿ. ತಂಗಿಗೆ ಪತ್ರ ಬರೆದ ಹಾಗೆ ಬರೆಯಬಹುದು. ಎದುರಿಗೆ ಒಬ್ಬರು ಕೂತಷ್ಟು ಲಾಭ ಇಲ್ಲ, ಆದರೂ ಸುಮ್ಮನೆ ಮತ್ತೊಮ್ಮೆ ಓದುವುದಕ್ಕಿಂತ ಎಷ್ಟೋ ಮೇಲು.

ಫೈನ್‌ಮನ್ ವಿಧಾನ ಅನ್ನುತ್ತಾರಲ್ಲ, ಅದು ಇದೇನಾ?

ಹೌದು, ಹೆಚ್ಚುಕಡಿಮೆ ಇದೇ: ಕಲಿತದ್ದನ್ನು ಮಗುವಿಗೆ ಹೇಳುವಂತೆ ಸರಳವಾಗಿ ಹೇಳಿ, ಎಡವಿದಲ್ಲಿ ಮತ್ತೆ ಓದಿ ತಿದ್ದಿಕೊಳ್ಳುವುದು. ನಾಲ್ಕು ಹೆಜ್ಜೆಗಳ ಆ ವಿಧಾನವನ್ನು ಫೈನ್‌ಮನ್ ಹೆಸರಿನಲ್ಲಿ ಕಟ್ಟಿದ್ದು ನಂತರದವರು. ಆದರೆ ಹೆಸರು ಹೊಂದುತ್ತದೆ. ರಿಚರ್ಡ್ ಫೈನ್‌ಮನ್ 1965ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಪ್ರಿನ್ಸ್‌ಟನ್ನಿನಲ್ಲಿ ಓದುವಾಗ ಪರೀಕ್ಷೆಯ ತಯಾರಿಗೆ ಅವರು ಒಂದು ನೋಟ್‌ಬುಕ್ ತೆರೆದು, ಅದರ ಮೇಲೆ ತನಗೆ ಗೊತ್ತಿಲ್ಲದ ಸಂಗತಿಗಳ ಪುಸ್ತಕ ಎಂದು ಬರೆದುಕೊಂಡಿದ್ದರು. ಮುಂದೆ, ಪ್ರಾಧ್ಯಾಪಕರಾಗಿದ್ದಾಗ, ಸಹೋದ್ಯೋಗಿಯೊಬ್ಬರು ಕಣಗಳ ಬಗ್ಗೆ ಒಂದು ಕಠಿಣ ಪ್ರಶ್ನೆ ಕೇಳಿದರಂತೆ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆಗುವಂತೆ ಪಾಠ ತಯಾರು ಮಾಡುತ್ತೇನೆ ಎಂದು ಹೋದವರು ಕೆಲವು ದಿನದ ಮೇಲೆ ಬಂದು, ಆ ಮಟ್ಟಕ್ಕೆ ಇಳಿಸಲು ತನ್ನಿಂದ ಆಗಲಿಲ್ಲ, ಅಂದರೆ ಅದು ನಮಗಿನ್ನೂ ನಿಜವಾಗಿ ಅರ್ಥವಾಗಿಲ್ಲ ಎಂದರಂತೆ. ನಮ್ಮ ಮಕ್ಕಳ ಹತ್ತಿರವೂ ಅಂಥದೊಂದು ನೋಟ್‌ಬುಕ್ ಇದೆ. ಪಾಠ ಹೇಳುವಾಗ ಸಿಕ್ಕಿಬಿದ್ದ ಪ್ರಶ್ನೆಯನ್ನು ಅಲ್ಲೇ ಬರೆಯುತ್ತಾರೆ, ಉತ್ತರ ಸಿಕ್ಕಿದ ದಿನ ತಾರೀಖು ಹಾಕುತ್ತಾರೆ.

ಇಂಗ್ಲಿಷ್ ಮೀಡಿಯಂನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಯಾಕೆ ಹೇಳಿಸುತ್ತೀರಿ? ಗೊಂದಲ ಆಗುವುದಿಲ್ಲವೇ?

ಆಗುತ್ತದೆ. ಒಳ್ಳೆಯದೇ. ಪರಿಭಾಷೆಯ ಪದ ಬಾಯಿಗೆ ಸಿಕ್ಕಿದ ಕೂಡಲೇ ಅರ್ಥ ಸಿಕ್ಕಿತು ಎಂದು ಮನಸ್ಸು ಸುಮ್ಮನಾಗುತ್ತದೆ. ವೋಲ್ಟೇಜ್ ಎಂದರೂ ಅಷ್ಟೇ, ವಿಭವಾಂತರ ಎಂದರೂ ಅಷ್ಟೇ. ಅದಕ್ಕೇ ನಾನು ಅವೆರಡು ಪದವನ್ನೂ ಬಳಸದೆ ಹೇಳು ಅನ್ನುತ್ತೇನೆ. ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳು ತುಸು ಹೊತ್ತು ಯೋಚಿಸಿ ಹೇಳಿದಳು: "ಮಹಡಿ ಮೇಲೆ ನೀರಿನ ಟ್ಯಾಂಕ್ ಇದೆ. ಅದು ಎಷ್ಟು ಎತ್ತರದಲ್ಲಿದ್ಯೋ ಕೆಳಗಿನ ನಲ್ಲೀಲಿ ನೀರು ಅಷ್ಟು ರಭಸ. ಆ ಎತ್ತರದ ಥರ ಇದು. ಹರಿಯೋ ನೀರಿನ ಥರ ಕರೆಂಟು." ಚೆನ್ನಾಗಿತ್ತು. ತಕ್ಷಣ ಆರನೇ ಕ್ಲಾಸಿನವನು ಕೇಳಿದ: "ಪೈಪ್ ಒಡೆದ್ರೆ ನೀರು ಚೆಲ್ಲುತ್ತೆ. ವೈರ್ ಕಟ್ ಆದ್ರೆ ಕರೆಂಟ್ ಯಾಕಕ್ಕ ಚೆಲ್ಲಲ್ಲ?"

ಹುಡುಗಿ ಸುಮ್ಮನೆ ನಿಂತಳು. ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವಳು ಕಲಿತದ್ದು ಆವತ್ತು. ನೀರಿಗೆ ಗಾಳಿ ತಡೆಯಲ್ಲ, ಮನೆಯ ಕರೆಂಟಿಗೆ ಗಾಳಿಯೇ ಗೋಡೆ. ಜೊತೆಗೆ ಕರೆಂಟಿಗೆ ಹೋಗಿ ಬರುವ ಪೂರ್ತಿ ಸುತ್ತು ಬೇಕು, ತುಂಡಾದ ತಂತಿ ಒಡೆದ ಪೈಪಲ್ಲ, ಮುಚ್ಚಿದ ನಲ್ಲಿ. ಹಾಗಾದರೆ ಬೀದಿಯಲ್ಲಿ ಹರಿದು ಬಿದ್ದ ತಂತಿ ಮುಟ್ಟಬಾರದು ಯಾಕೆ? ನಮ್ಮ ಮೈ ಮತ್ತು ನೆಲ ಸೇರಿ ಆ ಸುತ್ತನ್ನು ಪೂರ್ತಿ ಮಾಡುವುದರಿಂದ. ಇಷ್ಟೂ ಅವಳೇ ಹೇಳಿದಳು, ಎರಡು ವಾರ ತೆಗೆದುಕೊಂಡು. ಪರೀಕ್ಷೆಯಲ್ಲಿ ಅವಳು ಬರೆದದ್ದು ಇಂಗ್ಲಿಷಿನಲ್ಲೇ.

ನನ್ನ ಮಗ ಚೆನ್ನಾಗಿ ಓದುತ್ತಾನೆ. ಬೇರೆ ಮಕ್ಕಳಿಗೆ ಹೇಳಿಕೊಡುತ್ತಾ ಕೂತರೆ ಅವನ ಸಮಯ ಹಾಳಲ್ಲವೇ?

ಅವನು ಯಾವಾಗಲೂ ಒಂದೇ ಪಾಠ ಹೇಳುತ್ತಾ ಮೇಷ್ಟರ ಬದಲಿಗೆ ದುಡಿಯುತ್ತಿದ್ದರೆ ನಿಮ್ಮ ಆತಂಕ ಸರಿ. ವಾರಕ್ಕೆ ಒಂದು ಗಂಟೆ, ಪ್ರಶ್ನೆ ಎದುರಿಸುತ್ತಾ ಹೇಳಿದರೆ ಹಾಳಾಗುವುದಿಲ್ಲ. ಇನ್ನೊಂದು ಮಾತು: ಹೆಚ್ಚು ಬದಲಾಗುವುದು ಹಿಂದುಳಿದವರು ಎಂದು ಕರೆಸಿಕೊಂಡ ಮಕ್ಕಳು. ಎಂಟನೇ ಕ್ಲಾಸಿನಲ್ಲಿ ಗಣಿತಕ್ಕೆ ಹೆದರುವ ಹುಡುಗ ಐದನೇ ಕ್ಲಾಸಿನವರಿಗೆ ಮಗ್ಗಿ, ದಶಮಾಂಶ ಹೇಳಿಕೊಡಲು ಕೂತಾಗ, ತಾನು ಮೂರು ವರ್ಷದ ಹಿಂದೆ ಎಲ್ಲಿ ತಪ್ಪಿಸಿಕೊಂಡಿದ್ದನೋ ಅಲ್ಲಿಗೆ ನಾಚಿಕೆಯಿಲ್ಲದೆ ವಾಪಸು ಹೋಗಬಹುದು. ಹಾಗೆ ಹೋಗಿಬಂದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹೇಳಿಕೊಡುವ ಅವಕಾಶವನ್ನು ಕ್ಲಾಸಿಗೆ ಮೊದಲ ಬಂದವರಿಗೆ ಮಾತ್ರ ಕೊಡಬೇಡಿ.

"ಅರ್ಥ ಆಯ್ತಾ?" ಅಂದರೆ ಎಲ್ಲರೂ "ಹ್ಞೂಂ" ಅನ್ನುತ್ತಾರೆ. ನಿಜವಾಗಿ ಆಯಿತೋ ಇಲ್ಲವೋ ತಿಳಿಯುವುದು ಹೇಗೆ?

ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. "ನೀನು ನನಗೆ ಹೇಳು" ಅನ್ನಿ. ಇಲ್ಲವೇ ಪಾಠದಲ್ಲಿ ಇಲ್ಲದ ಒಂದು ಸಂದರ್ಭ ಕೊಡಿ. ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ಕ್ಲಾಸಿನಲ್ಲಿ ನಡೆಸಿಕೊಂಡು ಬಂದ ಕ್ರಮ ನನಗೆ ಬಹಳ ಇಷ್ಟ. ಒಂದು ಪ್ರಶ್ನೆ ಕೊಟ್ಟು ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಉತ್ತರ ಆರಿಸಬೇಕು. ಆಮೇಲೆ ಬೇರೆ ಉತ್ತರ ಆರಿಸಿದ ಪಕ್ಕದವರನ್ನು ಒಪ್ಪಿಸಲು ನೋಡಬೇಕು. ಮತ್ತೊಮ್ಮೆ ಉತ್ತರ ಆರಿಸಬೇಕು. ನಿನ್ನೆ ಮೊನ್ನೆ ಕಲಿತ ವಿದ್ಯಾರ್ಥಿಗೆ ತಾನು ಎಲ್ಲಿ ಎಡವಿದ್ದೆ ಎಂಬ ನೆನಪು ಹಸಿಯಾಗಿರುತ್ತದೆ. ಮೂವತ್ತು ವರ್ಷ ಕಲಿಸಿದವರಿಗೆ ಅದು ಮರೆತಿರುತ್ತದೆ.

ಬಾಯಿಪಾಠ ಪೂರ್ತಿ ಬಿಡಬೇಕೇ?

ಬೇಡ. ಮಗ್ಗಿ ಬಾರದೆ ಭಿನ್ನರಾಶಿ ವಿವರಿಸಲಾಗದು. ಬಾಯಿಗೆ ಬಂದದ್ದಕ್ಕೆ ಅರ್ಥ ಹೇಳುವುದನ್ನು ಸೇರಿಸಿ, ಅಷ್ಟೆ. ನಮ್ಮ ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಹಾಗೆ, ಎರಡೂ ಬೇಕು.

ಪರೀಕ್ಷೆ ಹತ್ತಿರ ಬಂದಿದೆ, ಹೇಳಿಕೊಡಲು ಹೊತ್ತೆಲ್ಲಿದೆ?

ಇಡೀ ಅಧ್ಯಾಯ ಬೇಡ. ರಾತ್ರಿ ಊಟಕ್ಕೆ ಕೂತಾಗ ಆ ದಿನ ಓದಿದ್ದರಲ್ಲಿ ಒಂದನ್ನು ಮನೆಯವರಿಗೆ ಐದು ನಿಮಿಷ ಹೇಳಿ. ಎಲ್ಲಿ ನಿಂತಿರೋ ಅದನ್ನು ಮಾತ್ರ ಮತ್ತೆ ಓದಿ.

ಹನ್ನೆರಡು ವರ್ಷದಿಂದ ಅದೇ ಪಾಠ ಹೇಳುತ್ತಿದ್ದೀರಿ. ಇನ್ನೂ ಕಲಿಯಲು ಏನಿದೆ?

ಈ ವರ್ಷ ಮತ್ತೆ ಭಿನ್ನರಾಶಿ ಬಂತು. ಈಗ ಅದನ್ನು ಹೇಳುವುದು ನಾನಲ್ಲ, ಎಂಟನೇ ಕ್ಲಾಸಿನವಳೊಬ್ಬಳು. ಬಕೆಟ್, ಬಾಟಲಿ ಎಲ್ಲ ಅವಳೇ ಜೋಡಿಸಿದಳು. ನೀರು ಸುರಿದು ಮುಗಿದ ಮೇಲೆ ಐದನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ, "ಸೊನ್ನೆಯಿಂದ ಭಾಗಿಸಿದ್ರೆ ಎಷ್ಟಕ್ಕಾ?" ಅಂದ. "ಭಾಗಿಸೋ ಹಾಗಿಲ್ಲ" ಎಂಬುದು ನಾನು ಕಲಿತ ಉತ್ತರ. ಅವಳು ಹಾಗನ್ನಲಿಲ್ಲ. ಖಾಲಿ ಬಾಟಲಿ ಒಂದನ್ನು ಅವನ ಕೈಗೆ ಕೊಟ್ಟು, "ಇದ್ರಲ್ಲಿ ಏನೂ ಇಲ್ಲ. ಇಂಥದ್ದು ಎಷ್ಟು ಸುರಿದ್ರೆ ಮೂರು ಲೀಟರ್ ಆಗುತ್ತೆ, ನೋಡು" ಅಂದಳು.

ಅವನು ಖಾಲಿ ಬಾಟಲಿಯನ್ನು ಬಕೆಟ್ಟಿಗೆ ಐದಾರು ಸಲ ಬಗ್ಗಿಸಿ, "ಎಷ್ಟು ಸುರಿದ್ರೂ ಆಗಲ್ಲ" ಅಂದ. ಬಾಟಲಿ ಕೆಳಗಿಟ್ಟು ಸ್ವಲ್ಪ ಹೊತ್ತು ಬಕೆಟ್ ನೋಡುತ್ತಾ ನಿಂತು, "ಬಕೆಟ್ಟೂ ಖಾಲಿನೇ ಇರ್ಲಿ ಅಂದ್ರೆ?" ಎಂದು ಕೇಳಿದ. ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. "ಆಗ ಒಂದು ಸುರಿದ್ರೂ ಸರಿ, ನೂರು ಸುರಿದ್ರೂ ಸರಿ. ಅಲ್ವಾ?" ಎಂದು ನಿಧಾನವಾಗಿ ಹೇಳಿ, ಗೂಡಿನಿಂದ ನೋಟ್‌ಬುಕ್ ತರಲು ಎದ್ದಳು.